ಎಕ್ಸ್‌ಪ್ಲೇನ್ಡ್ ಎಂದು ಬರೆದ ಮೇಲೆ

ನನ್ನ ಹೆಸರಿಗಿಂತ ಹೆಚ್ಚು ಸಲ ನಾನು ಬರೆದಿರುವ ಪದ ಒಂದಿದೆ. ‘ಎಕ್ಸ್‌ಪ್ಲೇನ್ಡ್’ ಎಂಬ ಇಂಗ್ಲಿಷ್ ಕ್ರಿಯಾಪದ. ವಿವರಿಸಿದ್ದೇವೆ, ತಿಳಿಯುವಂತೆ ಹೇಳಿದ್ದೇವೆ ಎಂದು ಅದರ ಅರ್ಥ. ಶಿವಾಜಿನಗರ ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನಾನು ನರ್ಸ್ ಆಗಿದ್ದೆ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೂ ಆ ಪದ ಬರೆಯದೆ ಮನೆಗೆ ಹೋದ ನೆನಪಿಲ್ಲ. ಈಗ ಹಲಸೂರಿನ ಮನೆಯಲ್ಲಿ ಕಾಲು ಚಾಚಿ ಕೂತಿದ್ದೇನೆ. ನಮ್ಮ ಬೀದಿಯ ಹುಡುಗಿಯೊಬ್ಬಳು ನರ್ಸಿಂಗ್ ಮುಗಿಸಿ ಇಂದಿರಾನಗರದ ಆಸ್ಪತ್ರೆಯೊಂದಕ್ಕೆ ಸೇರಿದ್ದಾಳೆ. ಮೊನ್ನೆ ಬಂದವಳು, “ಆಂಟಿ, ಏನಾದ್ರೂ ಟಿಪ್ಸ್ ಕೊಡಿ” ಎಂದಳು. ಇಂಜೆಕ್ಷನ್ ಕೊಡುವುದನ್ನು ಅವಳಿಗೆ ಕಾಲೇಜಿನಲ್ಲಿ ಕಲಿಸಿರುತ್ತಾರೆ. ಈ ಪದದ ವಿಷಯವನ್ನು ಯಾರೂ ಕಲಿಸುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅದರ ಬಳಕೆ ಹೀಗೆ. ದೊಡ್ಡ ಡಾಕ್ಟರು ಬೆಳಿಗ್ಗೆ ರೌಂಡ್ಸಿಗೆ ಬರುತ್ತಾರೆ. ರೋಗಿಯ ಬಿಪಿ, ಜ್ವರ, ಮೂತ್ರದ ಅಳತೆ, ಬದಲಾಯಿಸಿದ ಔಷಧ ಎಲ್ಲವೂ ಫೈಲಿಗೆ ಹೋಗುತ್ತದೆ. ಕೊನೆಯ ಸಾಲು, ‘ಕಂಡೀಷನ್ ಎಕ್ಸ್‌ಪ್ಲೇನ್ಡ್ ಟು ಅಟೆಂಡರ್ಸ್’. ನಮ್ಮಲ್ಲಿ ಅಟೆಂಡರ್ ಎಂದರೆ ರೋಗಿಯ ಕಡೆಯವರು, ಹೊರಗೆ ಕುರ್ಚಿಯ ಮೇಲೆ ಕೂತು ಕಾಯುವವರು. ಆಪರೇಷನ್ನಿನ ಅಪಾಯ ‘ಎಕ್ಸ್‌ಪ್ಲೇನ್ಡ್’, ಕೊಳವೆ ಹಾಕುವುದು ‘ಎಕ್ಸ್‌ಪ್ಲೇನ್ಡ್’, ಇನ್ನು ಆಸೆಯಿಲ್ಲ ಎನ್ನುವುದೂ ‘ಎಕ್ಸ್‌ಪ್ಲೇನ್ಡ್’. ಏನು ಹೇಳಿದೆವು ಎಂದು ಯಾರೂ ಬರೆಯುವುದಿಲ್ಲ. ಅವರಿಗೆ ಏನು ತಿಳಿಯಿತು ಎಂದಂತೂ ಬರೆದಿದ್ದನ್ನು ನಾನು ಕಂಡೇ ಇಲ್ಲ. ಬಾಗಿಲು ಎಳೆದುಕೊಂಡು ಚಿಲಕ ಹಾಕುವ ಹಾಗೆ ಅದೊಂದು ಪದ ಬರೆದು ಫೈಲು ಮುಚ್ಚುತ್ತಿದ್ದೆವು.

ನನಗೆ ಕೆಲಸ ಕಲಿಸಿದ್ದು ಫಿಲೋಮಿನಾ ಸಿಸ್ಟರ್. ಹಳೇ ಕಾಲದ ಹೆಂಗಸು. ಕನ್ನಡ, ತಮಿಳು, ದಖನಿ ಉರ್ದು ಮೂರರಲ್ಲೂ ಒಂದೇ ಜೋರಿನಲ್ಲಿ ಬೈಯುತ್ತಿದ್ದರು. ಆಗಿನ್ನೂ ಆಸ್ಪತ್ರೆಯ ಗೇಟಿನಲ್ಲಿ ಕಾಯಿನ್ ಫೋನ್ ಇತ್ತು. ಡಾಕ್ಟರು ರೋಗಿಯ ಕಡೆಯವರ ಜೊತೆ ಮಾತಾಡಿ ಹೋದರೆ ಸಾಕು, ಈ ಹೆಂಗಸು ಏನೋ ಕೆಲಸ ಇದ್ದವರ ಹಾಗೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಒಂದು ದಿನ ನಾನು ಕೇಳಿಯೇಬಿಟ್ಟೆ.

“ಬೇರೆಯವರ ಫೋನ್ ಕದ್ದು ಕೇಳೋದು ಸರೀನಾ ಸಿಸ್ಟರ್?”

“ಸರಿ ಇಲ್ಲ ಕಣೇ” ಎಂದರು. “ಆದ್ರೆ ಡಾಕ್ಟರ್ ಏನ್ ಹೇಳಿದ್ರು ಅನ್ನೋದು ಬಿಟ್ಟಾಕು. ಇವರು ಊರಿಗೆ ಫೋನ್ ಮಾಡಿ ಏನ್ ಹೇಳ್ತಾರೆ ಕೇಳು. ಇವರಿಗೆ ತಲುಪಿರೋದು ಅಷ್ಟೇ.”

ನನಗೆ ಅದು ಹಿಡಿಸಿಬಿಟ್ಟಿತು. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಗೇಟಿನವರೆಗೆ ನಡೆಯುವ ಕಷ್ಟವೂ ತಪ್ಪಿತು. ಮೆಟ್ಟಿಲ ಹತ್ತಿರ ಕಿಟಕಿಯಿತ್ತು. ಸಿಗ್ನಲ್ ಅಲ್ಲಿ ಮಾತ್ರ ಸಿಗುತ್ತಿತ್ತು. ಎಲ್ಲರೂ ಅಲ್ಲಿಗೇ ಬಂದು ಊರಿಗೆ ಸುದ್ದಿ ಕೊಡುತ್ತಿದ್ದರು. ಪಕ್ಕದಲ್ಲೇ ನಮ್ಮ ಲಿನನ್ ಕಪಾಟು. ಬೆಡ್‌ಶೀಟ್ ಎಣಿಸುವ ನೆಪದಲ್ಲಿ ನಿಂತರೆ ಎಲ್ಲ ಕೇಳುತ್ತಿತ್ತು. ‘ಲಿವರ್ ಪೂರ್ತಿ ಹೋಗಿದೆ’ ಎಂದು ಡಾಕ್ಟರು ಹೇಳಿದ್ದು ಅಲ್ಲಿಗೆ ಬರುವಷ್ಟರಲ್ಲಿ ‘ಸ್ವಲ್ಪ ಕಾಮಾಲೆ’ ಆಗಿರುತ್ತಿತ್ತು. ‘ಮೆದುಳು ಕೆಲಸ ಮಾಡುತ್ತಿಲ್ಲ’ ಎಂದದ್ದು ‘ಇನ್ನೂ ನಿದ್ದೆ ಬಿಟ್ಟಿಲ್ಲ’ ಆಗಿರುತ್ತಿತ್ತು. ಕೆಲವರು ಊರಿನವರು ಗಾಬರಿಯಾಗದಿರಲಿ ಎಂದು ಬೇಕೆಂದೇ ಹಾಗೆ ಹೇಳುತ್ತಿದ್ದರು. ಅವರ ದನಿಯಲ್ಲೇ ಅದು ಗೊತ್ತಾಗುತ್ತಿತ್ತು. ಉಳಿದವರು ತಾವು ನಂಬಿದ್ದನ್ನೇ ಹೇಳುತ್ತಿದ್ದರು.

ಇಮ್ತಿಯಾಜ್ ಎಂಬ ಒಬ್ಬರ ಸಂಗತಿ ಹೇಳಬೇಕು. ಶಿವಾಜಿನಗರದಲ್ಲಿ ಗಾಡಿ ಬಿಡಿಭಾಗಗಳ ಅಂಗಡಿ. ತಂದೆಯನ್ನು ಸೇರಿಸಿದ್ದರು, ಹೃದಯ ಸೋತಿತ್ತು. ದೊಡ್ಡ ಡಾಕ್ಟರು ಮೂವರು ಗಂಡುಮಕ್ಕಳನ್ನೂ ಕೋಣೆಗೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು. ಹಿರಿಯರಾದ ಇಮ್ತಿಯಾಜ್ ಒಂದೊಂದು ಮಾತಿಗೂ ತಲೆಯಾಡಿಸಿದರು, ಎದ್ದು ಕೈ ಕುಲುಕಿದರು. ಡಾಕ್ಟರು ಫೈಲಿನಲ್ಲಿ ಎಂದಿನ ಪದ ಬರೆದರು. ಮರುದಿನ ಮಧ್ಯಾಹ್ನ ಮನೆಮಂದಿಯೆಲ್ಲ ನಗುತ್ತಾ ಬಂದರು. ಅಬ್ಬಾನನ್ನು ಮನೆಗೆ ಕರೆದುಕೊಂಡು ಹೋಗಲು ಇಸ್ತ್ರಿ ಮಾಡಿದ ಬಿಳಿ ಕುರ್ತಾ, ಅತ್ತರಿನ ಸಣ್ಣ ಶೀಷೆ ಎಲ್ಲ ತಂದಿದ್ದರು. ಅವರು ಲಿಫ್ಟಿನಿಂದ ಇಳಿಯುವಾಗ ನಾವು ಒಳಗೆ ಮುದುಕರ ಎದೆ ಒತ್ತುತ್ತಿದ್ದೆವು. ಒತ್ತಿಯೂ ಫಲ ಸಿಗಲಿಲ್ಲ.

ಎಲ್ಲ ಮುಗಿದ ಮೇಲೆ ಇಮ್ತಿಯಾಜ್ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದರು.

“ನಂಗೆ ಅರ್ಧಾನೂ ಅರ್ಥ ಆಗ್ಲಿಲ್ಲ ಸಿಸ್ಟರ್. ತಮ್ಮಂದಿರ ಎದುರಿಗೆ ಹೆಂಗ್ ಕೇಳ್ಲಿ? ಘರ್ ಕಾ ಬಡಾ ಹೂಂ ನಾ, ಮನೇಗೆ ದೊಡ್ಡೋನು. ಅಮ್ಮಿಗೆ ಹೋಗಿ, ಡಾಕ್ಟರ್ ಅಚ್ಛಾಚ್ ಬೋಲೆ, ಒಳ್ಳೇದೇ ಹೇಳಿದ್ರು ಅಂದ್ಬಿಟ್ಟೆ.”

ಅವರು ಯಾರ ಮೇಲೂ ಕೂಗಾಡಲಿಲ್ಲ, ಗಾಜು ಒಡೆಯಲಿಲ್ಲ. ಆ ಕುರ್ತಾವನ್ನು ಮಡಚಿ ಮತ್ತೆ ಅದೇ ಚೀಲಕ್ಕೆ ಹಾಕಿಕೊಂಡು ಹೋದರು.

ಗಾಜು ಒಡೆದವರು ಬೇರೆ ಇದ್ದರು. ಅಂಥದ್ದೊಂದು ಗಲಾಟೆಯಾದ ಮೇಲೆ ಆಡಳಿತದವರು ಎಚ್ಚೆತ್ತರು. ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಎಲ್ಲರನ್ನೂ ನಿಲ್ಲಿಸಿಕೊಂಡು, “ಬರೀದೇ ಇದ್ರೆ ಮಾಡೇ ಇಲ್ಲ ಅಂತ ಲೆಕ್ಕ, ಗೊತ್ತಾಯ್ತಾ?” ಎಂದರು. ಒಂದು ರಬ್ಬರ್ ಸ್ಟಾಂಪ್ ಬಂತು. ‘ಅಟೆಂಡರಿಗೆ ತಿಳಿಯುವ ಭಾಷೆಯಲ್ಲಿ ಎಕ್ಸ್‌ಪ್ಲೇನ್ಡ್’ ಎಂದು ಅದರಲ್ಲಿತ್ತು, ಇಂಗ್ಲಿಷಿನಲ್ಲೇ. ಕೆಳಗೆ ಸಹಿಗೆ ಜಾಗ. ಸಹಿ ಬಾರದವರಿಗೆ ಇಂಕಿನ ಪ್ಯಾಡು. ಬೆಳಿಗ್ಗೆ ಡ್ಯೂಟಿಗೆ ಬಂದ ಹುಡುಗಿಯರು ಪುರಸೊತ್ತಿನಲ್ಲಿ ಖಾಲಿ ಹಾಳೆಗಳಿಗೆಲ್ಲ ಮುಂಚಿತವಾಗಿಯೇ ಸ್ಟಾಂಪ್ ಒತ್ತಿಟ್ಟುಕೊಳ್ಳುತ್ತಿದ್ದರು. ಇನ್ನೂ ದಾಖಲಾಗದ ರೋಗಿಯ ಇನ್ನೂ ಬಾರದ ನೆಂಟರಿಗೆ ಇನ್ನೂ ಗೊತ್ತಿಲ್ಲದ ಕಾಯಿಲೆಯನ್ನು ನಮ್ಮ ವಾರ್ಡಿನಲ್ಲಿ ಆಗಲೇ ವಿವರಿಸಿ ಆಗಿರುತ್ತಿತ್ತು.

ಆಮೇಲೆ ಕಂಪ್ಯೂಟರ್ ಬಂತು. ಆ ಪದದ ಮುಂದೆ ಒಂದು ಚಿಕ್ಕ ಚೌಕ, ಅದರಲ್ಲಿ ಟಿಕ್ ಹಾಕದಿದ್ದರೆ ಮುಂದಿನ ಪರದೆ ತೆರೆಯುವುದಿಲ್ಲ. ಮುಂದಿನ ಪರದೆ ತೆರೆಯದಿದ್ದರೆ ಔಷಧದ ಆರ್ಡರ್ ಹೋಗುವುದಿಲ್ಲ. ರೋಗಿ ಸಾಯುತ್ತಿರುವಾಗ ಯಾರು ಮೊದಲು ಮಾತಾಡಿ ಬಂದು ಟಿಕ್ ಹಾಕುತ್ತಾರೆ? ಮೊದಲು ಟಿಕ್, ಆಮೇಲೆ ಸಾಧ್ಯವಾದರೆ ಮಾತು. ಇದರಲ್ಲಿ ಯಾರನ್ನೂ ಕಳ್ಳರೆನ್ನಲಾರೆ. ಆದರೆ ಟಿಕ್ ಬಿದ್ದ ಕೆಲಸ ಮುಗಿದ ಕೆಲಸ ಎಂದು ಮನಸ್ಸು ಒಪ್ಪಿಬಿಡುತ್ತದೆ. ಅಪಾಯ ಇರುವುದು ಅಲ್ಲಿ.

ನಾಗಮ್ಮ ಬಂದದ್ದು ಆ ಕಾಲದಲ್ಲಿ, ನನ್ನ ನಿವೃತ್ತಿ ಹತ್ತಿರವಾಗಿದ್ದಾಗ. ಅವಳು ಉಳಿಯಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಆಸೆ ಇಟ್ಟುಕೊಂಡು ಓದಬೇಡಿ.

ಗಂಡ ಹೆಂಡತಿ ಯಾದಗಿರಿ ಕಡೆಯವರು. ಹೊರಮಾವಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಗಂಡ ಮಲ್ಲಪ್ಪ ಅಪಾರ್ಟ್‌ಮೆಂಟುಗಳಿಗೆ ಗ್ರಾನೈಟ್ ಹಾಸುವವನು, ನಾಗಮ್ಮ ಕಲ್ಲು ಕತ್ತರಿಸುವ ಮಷೀನಿನ ಹತ್ತಿರ ಕೂತು ಚಪ್ಪಡಿ ಹಿಡಿಯುವವಳು. ವರ್ಷಗಟ್ಟಲೆ ಆ ಧೂಳು ಕುಡಿದು ಶ್ವಾಸಕೋಶ ಗಟ್ಟಿಯಾಗಿಬಿಟ್ಟಿತ್ತು. ವಯಸ್ಸು ಮೂವತ್ತು ದಾಟಿತ್ತೋ ಇಲ್ಲವೋ. ಮುಖಕ್ಕೆ ಬಿಗಿಯಾಗಿ ಆಕ್ಸಿಜನ್ ಮಾಸ್ಕ್ ಕಟ್ಟಿದ್ದೆವು, ಅದರ ಬಲದಲ್ಲಿ ಕೂತಿರುತ್ತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಆದರೆ ಪೂರ್ತಿ ಎಚ್ಚರವಿದ್ದಳು. ಎಲ್ಲವನ್ನೂ ನೋಡುತ್ತಿದ್ದಳು, ಬೇಕಾದ್ದನ್ನು ಸನ್ನೆ ಮಾಡಿ ಕೇಳುತ್ತಿದ್ದಳು. ಹುಲ್ಲಿನ ಹಾಗೆ ಒಣಗಿದ ತನ್ನ ಕೂದಲನ್ನು ಮುಟ್ಟಿಕೊಂಡು ಮುಖ ಸಿಂಡರಿಸುತ್ತಿದ್ದಳು. ಊರಲ್ಲಿ ಅವಳ ತಾಯಿಯ ಹತ್ತಿರ ಮಗಳಿದ್ದಳು, ಶಾಲೆಗೆ ಹೋಗುವ ಹುಡುಗಿ, ಅಂಬಿಕಾ.

ಒಂದು ದಿನ ಬೆಳಿಗ್ಗೆ ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ಅವಳ ಕಾಲ ಬಳಿ ನಿಂತು ಇಂಗ್ಲಿಷಿನಲ್ಲಿ ಹೇಳಿದರು. ಇವಳು ಸುಸ್ತಾಗುತ್ತಿದ್ದಾಳೆ, ನಾಳೆಯೊಳಗೆ ವೆಂಟಿಲೇಟರ್ ಬೇಕಾಗುತ್ತದೆ, ಹಾಕಿದರೆ ಮತ್ತೆ ತೆಗೆಯುವ ಹಾಗಿಲ್ಲ, ಎಚ್ಚರವಿರುವುದು ಇವತ್ತು ನಾಳೆ ಅಷ್ಟೇ, ಕಡೆಯವರಿಗೆ ಎಕ್ಸ್‌ಪ್ಲೇನ್ ಮಾಡಿ. ಡ್ಯೂಟಿ ಡಾಕ್ಟರ್ ಶ್ರುತಿ ತಲೆಯಾಡಿಸಿದರು. ಒಳ್ಳೆಯ ಹುಡುಗಿ, ಮಾರತ್ತಹಳ್ಳಿಯಿಂದ ಆ ಟ್ರಾಫಿಕ್ಕಿನಲ್ಲಿ ಬಂದು ಎರಡು ಡ್ಯೂಟಿ ಒಟ್ಟಿಗೆ ಮಾಡುತ್ತಿದ್ದರು. ಕಾರಿಡಾರಿನಲ್ಲಿ ಮಲ್ಲಪ್ಪನನ್ನು ಕಂಡು ಮಾತಾಡಿದರು. ಟಿಕ್ ಹಾಕಿದರು.

ಮಧ್ಯಾಹ್ನ ನಾನು ಲಿನನ್ ಕಪಾಟಿನ ಹತ್ತಿರ ಇದ್ದೆ. ಮಲ್ಲಪ್ಪ ಕಿಟಕಿಯ ಹತ್ತಿರ ಅತ್ತೆಯ ಜೊತೆ ಫೋನಿನಲ್ಲಿದ್ದ. ಅವನ ದನಿ ಹಗುರವಾಗಿತ್ತು.

“ಹೂಂ ಅತ್ತಿ, ನಾಳಿ ಮಷೀನಿಗಿ ಹಚ್ತಾರಂತ. ಆಕಿಗಿ ದಣಿವಾಗ್ಯದ, ನಿದ್ದಿ ಔಷಧ ಕೊಟ್ಟು ಮಷೀನಿನ ಕೈಲೆ ಉಸಿರಾಡಸ್ತಾರ. ಎರಡು ದಿನ ನಿದ್ದಿ ಆದ್ರ ಹಗುರ ಆಕ್ಕಾಳ. ನೀವು ಬರೂದು ಬ್ಯಾಡ. ಅಂಬಿಗಿ ಸಾಲಿ ತಪ್ಪತದ. ಅರಾಮ್ ಆದ ಮ್ಯಾಲೆ ನಾವೇ ಬರ್ತೀವಿ.”

ಕೈಯಲ್ಲಿದ್ದ ಬೆಡ್‌ಶೀಟ್ ಅಲ್ಲೇ ಬಿಟ್ಟು ನಾನು ಶ್ರುತಿಯವರ ಹತ್ತಿರ ಹೋದೆ.

“ಡಾಕ್ಟರ್, ಆ ಮನುಷ್ಯನಿಗೆ ಏನೂ ಗೊತ್ತಾಗಿಲ್ಲ.”

“ಯಾರಿಗೆ, ನಾಗಮ್ಮನ ಹಸ್ಬೆಂಡಿಗಾ? ಬೆಳಿಗ್ಗೆನೇ ಎಕ್ಸ್‌ಪ್ಲೇನ್ ಮಾಡಿದೀನಿ ಸಿಸ್ಟರ್. ನೋಡಿ, ಟಿಕ್ ಕೂಡ ಇದೆ. ಎಲ್ಲದಕ್ಕೂ ಹೂಂ ಅಂದ್ರು.”

“ಅವರು ಹೂಂ ಅಂದ್ರೆ ಕೇಳಿಸ್ಕೋತಿದೀನಿ ಅಂತ ಅಷ್ಟೇ. ಅವರು ಈಗ ಅತ್ತೆಗೆ ಫೋನ್ ಮಾಡಿ, ಎರಡು ದಿನ ನಿದ್ದೆ ಮಾಡಿದ್ರೆ ಸರಿಹೋಗ್ತಾಳೆ, ಮಗಳನ್ನ ಕರ್ಕೊಂಡು ಬರಬೇಡಿ ಅಂತ ಹೇಳ್ತಿದ್ರು.”

ಶ್ರುತಿಯವರ ಮುಖ ಬಿಳಿಚಿಕೊಂಡಿತು. “ರೆಸ್ಟ್ ಕೊಡ್ತೀವಿ ಅಂದೆ” ಎಂದರು ಮೆಲ್ಲಗೆ. “ಹೆದರಿಸಬಾರದು ಅಂತ ಹಾಗಂದೆ.” ಮತ್ತೆ ಏನೂ ವಾದ ಮಾಡದೆ ಎದ್ದು ಬಂದರು.

ನನ್ನ ಸೇವೆಯಲ್ಲಿ ನಾನು ಕಂಡ ವಿವರಣೆಗಳಲ್ಲಿ ಅದು ಅತಿ ಕಷ್ಟದ್ದು. ಶ್ರುತಿ ಮೆಟ್ಟಿಲ ಮೇಲೆ ಮಲ್ಲಪ್ಪನ ಪಕ್ಕದಲ್ಲೇ ಕೂತರು. ಒಂದೊಂದೇ ಮಾತು ಹೇಳಿ ಸುಮ್ಮನಾದರು. ಧೂಳು ಒಳಗೆ ಕೂತಿದೆ, ಅದು ಹೋಗುವುದಿಲ್ಲ. ಮಷೀನು ವಾಸಿ ಮಾಡುವುದಿಲ್ಲ, ಉಸಿರು ತಳ್ಳುತ್ತದೆ ಅಷ್ಟೇ. ಒಂದು ಸಲ ಹಾಕಿದ ಮೇಲೆ ನಾಗಮ್ಮ ಏಳುವುದಿಲ್ಲ. ಹಾಕದಿದ್ದರೂ ಒಂದೆರಡು ದಿನ. ಮಲ್ಲಪ್ಪ ಹೂಂ ಹೂಂ ಎನ್ನುತ್ತಿದ್ದವನು ಇದ್ದಕ್ಕಿದ್ದಂತೆ ನಿಲ್ಲಿಸಿದ.

“ಏಳಂಗೇ ಇಲ್ಲೇನ್ರೀ?”

“ಇಲ್ಲ.”

“ಮಾತು?”

“ಇವತ್ತು ಆಡಬಹುದು. ನಾಳೆ ಬೆಳಿಗ್ಗೆನೂ ಇರಬಹುದು. ಆಮೇಲೆ ಇಲ್ಲ.”

ಅವನು ಗೋಡೆಗೆ ಹಣೆ ಒತ್ತಿ ನಿಂತ. ಅಂಗೈಯ ಬಿರುಕುಗಳಲ್ಲಿ ಬಿಳಿ ಸಿಮೆಂಟು ಕೂತಿತ್ತು. ಆಮೇಲೆ ಮತ್ತೆ ಫೋನ್ ಹಚ್ಚಿದ. “ಅತ್ತಿ, ಅಂಬೀನ್ನ ಕರಕೊಂಡು ಇವತ್ತಿನ ಬಸ್ಸಿಗೇ ಬರ್ರಿ. ಯಾಕಂತ ಕೇಳಬ್ಯಾಡ್ರಿ.” ಅಷ್ಟೇ ಹೇಳಿದ. ವೆಂಟಿಲೇಟರ್ ಬೇಡ ಎಂದು ಕಾಗದಕ್ಕೆ ಸಹಿ ಮಾಡಿದ. ನಮ್ಮಿಬ್ಬರಿಗೂ ಕೈ ಮುಗಿದು, “ಆಕಿಗಿ ಮಾತ್ರ ಹೇಳಬ್ಯಾಡ್ರೀ ಅಕ್ಕಾರ, ಎದಿ ಒಡಕೋತಾಳ” ಎಂದ. ನಾವು ಒಪ್ಪಿದೆವು. ಇಂಥ ಮಾತಿಗೆ ನಾವು ಯಾವಾಗಲೂ ಒಪ್ಪುತ್ತಿದ್ದೆವು. ಸ್ಟಾಂಪಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಆ ಪದದ ಮುಂದೆ ಇದ್ದದ್ದು ಅಟೆಂಡರ್ ಮಾತ್ರ. ಹಾಸಿಗೆಯ ಮೇಲೆ ಕಣ್ಣು ಬಿಟ್ಟುಕೊಂಡು ಕೂತಿರುವವಳಿಗೂ ಹೇಳಬೇಕು ಎನ್ನುವ ಚೌಕ ಎಲ್ಲೂ ಇರಲಿಲ್ಲ. ಇದನ್ನು ಕಿರಿಯರು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು.

ಬೆಳಿಗ್ಗೆ ನಾನು ಡ್ಯೂಟಿಗೆ ಹೋದಾಗ ನಾಗಮ್ಮನ ತಾಯಿ ಮತ್ತು ಹುಡುಗಿ ಕಾರಿಡಾರಿನಲ್ಲಿದ್ದರು. ನಾಗಮ್ಮ ಇನ್ನೂ ಎಚ್ಚರವಿದ್ದಳು, ಆದರೆ ಹೆಗಲಿನಿಂದ ಉಸಿರೆಳೆಯುತ್ತಿದ್ದಳು. ಐಸಿಯು ಒಳಗೆ ಮಕ್ಕಳನ್ನು ಬಿಡುವ ಹಾಗಿಲ್ಲ ಎಂದು ಸೆಕ್ಯೂರಿಟಿಯವನು ಅಡ್ಡ ನಿಂತ. “ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳು” ಎಂದು ಅವನನ್ನು ಪಕ್ಕಕ್ಕೆ ಸರಿಸಿ, ನಾನೇ ಅಂಬಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಮಲ್ಲಪ್ಪ ಹಿಂದೆ ಬಂದ.

ಪರದೆ ಸರಿಸಿದೆ. ಹುಡುಗಿ ತಾಯಿಯನ್ನು ನೋಡಿ ಹಿಂದಕ್ಕೆ ಸರಿದು ಅಪ್ಪನ ಕಾಲು ಹಿಡಿದುಕೊಂಡಳು. ಬಿಗಿದ ಮಾಸ್ಕು, ಒಂದು ಕಡೆ ಜಾರಿದ ಆಸ್ಪತ್ರೆಯ ಹಸಿರು ಗೌನು, ಕೆದರಿದ ಕೂದಲು, ಎರಡೂ ಕೈಗೆ ಸೂಜಿ. ಮಗುವಿನ ತಪ್ಪೇನಿಲ್ಲ.

ನಾಗಮ್ಮ ಹುಡುಗಿಯನ್ನು ನೋಡಿದಳು. ಶಾಲೆಯಿರುವ ದಿನ, ಯಾದಗಿರಿಯಿಂದ ಇಷ್ಟು ದೂರ, ಯೂನಿಫಾರ್ಮಿನಲ್ಲೇ ಬಂದು ನಿಂತಿರುವ ಮಗಳು. ಆಮೇಲೆ ತಲೆಯೆತ್ತಿ ಗಂಡನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಿದ. ಅವಳಿಗೆ ಎಲ್ಲ ಗೊತ್ತಾಗಿಹೋಯಿತು. ಯಾವ ಡಾಕ್ಟರೂ ಬಾಯಿ ಬಿಡಬೇಕಾಗಲಿಲ್ಲ.

ಮಾಸ್ಕ್ ತೆಗೆಯುವಂತೆ ನನಗೆ ಸನ್ನೆ ಮಾಡಿದಳು. ನಾನು ಶ್ರುತಿಯವರ ಕಡೆ ನೋಡಿದೆ. ಅವರು ತಲೆಯಾಡಿಸಿದರು. ಪಟ್ಟಿ ಸಡಿಲ ಮಾಡಿದೆ. ನಾಗಮ್ಮ ಒಂದೊಂದು ಪದಕ್ಕೂ ಉಸಿರು ಹುಡುಕುತ್ತಾ ಗಂಡನನ್ನು ಕೇಳಿದಳು.

“ನಿನ್ನೆಯೇ ಗೊತ್ತಿತ್ತೇನು?”

ಅವನು ಮಂಚದ ಕಂಬಿ ಹಿಡಿದುಕೊಂಡ.

“ನಂಗ್ಯಾಕ ಹೇಳಲಿಲ್ಲ? ಕೂಸು ಬರ್ತದಂತ ಗೊತ್ತಿದ್ರ... ತಲಿ ಬಾಚ್ಕೊಂಡು... ಸೀರಿ ಉಟ್ಕೊಂಡು ಕುಂದರ್ತಿದ್ದೆ. ಹಿಂಗ ನೋಡಬಾರದಿತ್ತು ಆಕಿ ನನ್ನ.”

ಮಲ್ಲಪ್ಪ ಬಾಯಿಗೆ ಟವೆಲ್ ಒತ್ತಿಕೊಂಡ. ಶ್ರುತಿ ಪರದೆಯ ಕಡೆ ತಿರುಗಿ ನಿಂತರು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ಇವತ್ತಿಗೂ ಹೇಳಲಾರೆ. ಅವಳಿಗೆ ಒಂದು ಪೂರ್ತಿ ದಿನವಿತ್ತು. ಆ ದಿನವನ್ನು ನಾವೆಲ್ಲ ಸೇರಿ ಅವಳಿಗೆ ಕೊಡದೆ ಇಟ್ಟುಕೊಂಡಿದ್ದೆವು, ಅವಳ ಒಳ್ಳೆಯದಕ್ಕೆಂದೇ.

“ಹೊರಗ ಕಳಸ್ರಿ ಆಕಿನ್ನ” ಎಂದಳು ನಾಗಮ್ಮ ನನಗೆ.

ಹುಡುಗಿಯನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದೆ. ಮಲ್ಲಪ್ಪ ಮಂಚದ ಕೆಳಗಿದ್ದ ಚೀಲದಿಂದ ಅವಳ ನೀಲಿ ಸೀರೆ ತೆಗೆದ. ಉಡಿಸುವ ಹಾಗಿರಲಿಲ್ಲ, ಗೌನಿನ ಮೇಲೆಯೇ ಸುತ್ತಿ ಸೆರಗು ಹೊದಿಸಿದೆ. ಸೂಜಿಗಳ ಮೇಲೆ ಸೆರಗು ಎಳೆದು ಮುಚ್ಚಿದೆ. ಮಾಸ್ಕ್ ಮತ್ತೆ ಹಾಕಿ, ಉಸಿರು ಸ್ವಲ್ಪ ಹತೋಟಿಗೆ ಬಂದ ಮೇಲೆ ನನ್ನ ಬ್ಯಾಗಿನ ಬಾಚಣಿಗೆಯಿಂದ ತಲೆ ಬಾಚಿದೆ. ಸಿಕ್ಕುಗಳಿಂದ ಬಾಚಣಿಗೆಗೆ ಗಂಟು ಗಂಟು ಕೂದಲು ಬಂತು. ನೋವಾಗುತ್ತದೆಯೇ ಎಂದರೆ ಇಲ್ಲ ಎಂದು ಕೈಯಾಡಿಸಿದಳು, ಬೇಗ ಎಂದು ಸನ್ನೆ ಮಾಡಿದಳು. ಶ್ರುತಿ ಒದ್ದೆ ಹತ್ತಿಯಿಂದ ಅವಳ ಕಣ್ಣಂಚು ಒರೆಸಿದರು. ತಮ್ಮ ಹಣೆಯ ಸ್ಟಿಕ್ಕರ್ ಬಿಂದಿ ತೆಗೆದು ಅವಳ ಹಣೆಗೆ ಅಂಟಿಸಿದರು.

ನಾಗಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು. ತಾನೇ ಕೈ ಎತ್ತಿ ಮಾಸ್ಕ್ ಸರಿಸಿಕೊಂಡಳು. ಸೆರಗಿನ ಅಂಚನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

“ಈಗ ಕರೀರಿ” ಎಂದಳು.